ಗಡ್ಡ ಮರೆತ ಮದರಂಗಿ

ಮಧ್ಯಯುಗದ ಅರಬ್ಬೀ ಬರಹಗಳಲ್ಲಿ ಮದರಂಗಿ ಹುಡುಕಲು ಹೊರಟವರಿಗೆ ಮದುಮಗಳ ಅಂಗೈ ಸಿಗುವ ಮೊದಲು ಮುದುಕರ ಗಡ್ಡ ಸಿಗುತ್ತದೆ. ನನಗೂ ಸಿಕ್ಕಿತ್ತು. ಹದೀಸ್ ಸಂಕಲನಗಳಲ್ಲಿ ಸಿಕ್ಕಿತು, ಧರ್ಮಶಾಸ್ತ್ರದ ಚರ್ಚೆಗಳಲ್ಲಿ ಸಿಕ್ಕಿತು, ಕಾವ್ಯದ ಬಗ್ಗೆ ಬರೆದವರ ಅಡಿಟಿಪ್ಪಣಿಗಳಲ್ಲಂತೂ ಕಾಲಿಟ್ಟಲ್ಲೆಲ್ಲ ಸಿಕ್ಕಿತು. ಪ್ರತಿ ಸಲವೂ ‘ಇದು ಬೇಡ’ ಎಂದು ಪಕ್ಕಕ್ಕೆ ಸರಿಸಿ ಮುಂದಿನ ಪುಟ ತಿರುವಿದೆ. ಯಾಕೆಂದರೆ ನಾನು ಏನು ಹೇಳಬೇಕು ಅನ್ನುವುದು ಮೊದಲೇ ನಿಗದಿಯಾಗಿತ್ತು. ‘ಮದುಮಗಳ ಕೈ: ಸಾವಿರ ವರ್ಷಗಳ ಚಿತ್ತಾರ’. ಶೀರ್ಷಿಕೆ ನನ್ನದೇ. ವಿಚಾರಸಂಕಿರಣದ ಆಮಂತ್ರಣ ಅಚ್ಚಾಗಿ ಬಂದಾಗ ಅದನ್ನು ನೋಡಿ ನಾನೇ ಮೆಚ್ಚಿಕೊಂಡಿದ್ದೆ.

ನಾನು ಕನ್ನಡ ಪಾಠ ಹೇಳಿಕೊಂಡು ಬಂದವಳು. ಅರಬ್ಬಿ ಬಾರದು. ಪಾರಸಿ ಲಿಪಿಯನ್ನು ತಡವರಿಸುತ್ತ ಓದುತ್ತೇನೆ, ಅರ್ಥಕ್ಕೆ ನಿಘಂಟೇ ಗತಿ. ಹಾಗಾಗಿ ಇಂಗ್ಲಿಷಿನ ಸಂಕಲನಗಳನ್ನು ನೆಚ್ಚಿಕೊಂಡೆ. ಸಂಕಲನ ಮಾಡುವವರು ಓದುಗರಿಗೆ ಬೇಗ ಹಿಡಿಸುವುದನ್ನು ಆರಿಸುತ್ತಾರೆ, ಪ್ರೇಮಪದ್ಯದಷ್ಟು ಬೇಗ ಹಿಡಿಸುವುದು ಬೇರೆ ಯಾವುದಿದೆ? ಕಣ್ಣಿಗೆ ನರ್ಗಿಸ್ ಹೂವು, ಕೆನ್ನೆಗೆ ಗುಲಾಬಿ, ಮದರಂಗಿ ಹಚ್ಚಿದ ಬೆರಳ ತುದಿಗೆ ಉನ್ನಾಬ್ ಹಣ್ಣು. ಅಬ್ಬಾಸಿ ಕಾಲದ ಕವಿಗಳಿಗೆ ಇವೆಲ್ಲ ಕೈಗೆಟುಕುವಲ್ಲೇ ಇದ್ದ ಉಪಮಾನಗಳು. ಉನ್ನಾಬ್ ನಮ್ಮ ಎಲಚಿಯ ಕುಲದ್ದು, ಮಾಗಿದಾಗ ಕಂದುಗೆಂಪಾಗಿ ಹೊಳೆಯುತ್ತದೆ. ಇಸ್ಲಾಮಿಗೆ ಮುಂಚಿನ ಮರುಭೂಮಿಯ ಕವಿಗಳು ಇದೇ ಬೆರಳುಗಳಿಗೆ ‘ಅನಮ್’ ಎಂಬ ಗಿಡದ ಕೆಂಪು ಕುಡಿಯನ್ನು ಹೋಲಿಕೆ ಕೊಟ್ಟಿದ್ದರು. ಪಾರಸಿ ಗಜಲಿಗೆ ಬರುವ ಹೊತ್ತಿಗೆ ಹಣ್ಣು ಹೋಗಿ ನೆತ್ತರು ಬರುತ್ತದೆ. ಪ್ರಿಯೆಯ ಕೈ ಕೆಂಪಗಿರುವುದು ಮದರಂಗಿಯಿಂದಲೋ ಸತ್ತ ಪ್ರೇಮಿಯ ರಕ್ತದಿಂದಲೋ ಎಂಬ ಅನುಮಾನವನ್ನು ಆ ಕವಿಗಳು ಎಷ್ಟು ತಿರುವಿ ಹಾಕಿದರೂ ದಣಿಯಲಿಲ್ಲ.

ಇವನ್ನೆಲ್ಲ ಚೀಟಿಗಳಲ್ಲಿ ಬರೆದಿಟ್ಟುಕೊಳ್ಳುವಾಗಲೇ ನನಗೆ ಒಂದು ಹೊಳೆಯಬೇಕಿತ್ತು. ಈ ಹೋಲಿಕೆಗಳಲ್ಲಿ ಬಳ್ಳಿಯಿಲ್ಲ, ಚುಕ್ಕಿಯಿಲ್ಲ, ಮಾವಿನಕಾಯಿ ಆಕಾರವಿಲ್ಲ. ಹಣ್ಣು, ಕುಡಿ, ನೆತ್ತರು ಎಲ್ಲವೂ ತುಂಬು ಬಣ್ಣ. ಬೆರಳ ತುದಿಯನ್ನು ಪೂರ್ತಿ ಅದ್ದಿದ ಬಣ್ಣ. ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ಅಂಶ ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಅಂಗೈ, ಅಂಗಾಲು, ಬೆರಳ ತುದಿಗಳಲ್ಲಿ ಚರ್ಮ ದಪ್ಪ, ಹಾಗಾಗಿ ಬಣ್ಣವೂ ಅಲ್ಲಿ ಗಾಢ. ತೊಳೆದಾಗ ಕಿತ್ತಳೆ, ಒಂದೆರಡು ದಿನ ಕಳೆದರೆ ಕಂದುಗೆಂಪು. ಉಗುರಿಗೆ ಹತ್ತಿದ್ದು ಉಗುರು ಬೆಳೆದು ಕತ್ತರಿಸುವವರೆಗೂ ಇರುತ್ತದೆ. ನಮ್ಮಜ್ಜಿ ಆಷಾಢದಲ್ಲಿ ಹಿತ್ತಲ ಸೊಪ್ಪನ್ನು ಒರಳಲ್ಲಿ ರುಬ್ಬಿ, ಬೆರಳುಗಳಿಗೆ ಟೊಪ್ಪಿಗೆ ತೊಡಿಸಿದ ಹಾಗೆ ಮೆತ್ತಿ, ಅಂಗೈ ನಡುವೆ ಒಂದು ದುಂಡನೆಯ ಬೊಟ್ಟು ಇಟ್ಟರೆ ಮುಗಿಯಿತು. ಕೋನ್ ಹಿಡಿದು ಎಳೆ ಎಳೆಯುವುದನ್ನು ನಾನು ನೋಡಿದ್ದು ದೊಡ್ಡವಳಾದ ಮೇಲೆ. ಆ ಸೂಕ್ಷ್ಮ ಚಿತ್ತಾರವನ್ನು ಬ್ಯೂಟಿ ಪಾರ್ಲರಿನವರು ‘ಅರೇಬಿಕ್’ ಎಂದು ಕರೆಯುತ್ತಾರೆ ಎಂಬುದೊಂದೇ ಆಧಾರದ ಮೇಲೆ ನಾನು ಅದನ್ನು ಬಾಗ್ದಾದಿಗೆ ಕಳಿಸಿಬಿಟ್ಟಿದ್ದೆ.

ಚಿತ್ರಗಳಲ್ಲಿ ಹುಡುಕಿದೆ. 1237ರಲ್ಲಿ ಯಾಹ್ಯಾ ಅಲ್-ವಾಸಿತಿ ಎಂಬ ಕಲಾವಿದ ಅಲ್-ಹರೀರಿಯ ‘ಮಕಾಮಾತ್’ ಕೃತಿಯನ್ನು ಪ್ರತಿ ಮಾಡಿ, ತಾನೇ ಅದಕ್ಕೆ ಚಿತ್ರಗಳನ್ನೂ ಬರೆದ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಆ ಹಸ್ತಪ್ರತಿಯಲ್ಲಿ 99 ಚಿತ್ರಗಳಿವೆ. ಮಸೀದಿ, ಸಂತೆ, ಒಂಟೆಗಳ ಹಿಂಡು, ಗುಲಾಮರ ಮಾರುಕಟ್ಟೆ, ಹೆರಿಗೆಯ ಕೋಣೆ. ಹದಿಮೂರನೆಯ ಶತಮಾನದ ಇರಾಕನ್ನು ಕಿಟಕಿಯಿಂದ ಇಣುಕಿ ನೋಡಲು ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ನಾನು ಇಣುಕಿದ್ದು ಮಾತ್ರ ಹೆಂಗಸರ ಕೈಗಳನ್ನು. ಕಾಗದದ ಮೇಲೆ ಒಂದೊಂದು ಕೈ ಕೆಲವೇ ಮಿಲಿಮೀಟರ್. ಪರದೆಯ ಮೇಲೆ ಹಿಗ್ಗಿಸುತ್ತ ಹೋದರೆ ಬೆರಳು ಬರೆದ ಗೆರೆಯೇ ಚಿತ್ತಾರದಂತೆ ಕಾಣತೊಡಗುತ್ತದೆ, ಬಣ್ಣ ಉದುರಿದ ಜಾಗ ಚುಕ್ಕಿಯಾಗುತ್ತದೆ. ಇನ್ನೂ ಹಿಗ್ಗಿಸಿದರೆ ಅದೂ ಇಲ್ಲ, ಬರೀ ಚೌಕ ಚೌಕ. ಆ ಪುಸ್ತಕದ ನಾಯಕ ಅಬೂ ಜೈದ್ ಎಂಬ ಮಾತಿನಮಲ್ಲ ಮೋಸಗಾರ. ಅವನ ನರೆತ ಗಡ್ಡ ಚಿತ್ರದಿಂದ ಚಿತ್ರಕ್ಕೆ ನನ್ನ ಕಣ್ಣೆದುರೇ ಹಾದುಹೋಗುತ್ತಿತ್ತು. ನೋಡಲಿಲ್ಲ.

ಕೊನೆಗೊಂದು ಚಿತ್ರ ಸಿಕ್ಕಿತು. ಕೂಡುಹುಬ್ಬಿನ ಹೆಣ್ಣು, ಮೈತುಂಬ ಮುತ್ತು, ಕೈಯಲ್ಲಿ ಮದ್ಯದ ಬಟ್ಟಲು, ಬಟ್ಟಲು ಹಿಡಿದ ಬೆರಳುಗಳ ತುದಿ ಗಾಢ ಕೆಂಪು. ಯಾವುದೋ ಪುಸ್ತಕದಿಂದ ಯಾರೋ ತೆಗೆದ ಪ್ರತಿ. ಕೆಳಗೆ ‘ಪರ್ಷಿಯಾದ ಮಹಿಳೆ’ ಎಂದಷ್ಟೇ ಇತ್ತು. ಅವಳನ್ನು ಮದುಮಗಳು ಮಾಡಿದ್ದು ನಾನು, ‘ಮಧ್ಯಯುಗ’ ಎಂದು ಸೇರಿಸಿದ್ದೂ ನಾನೇ. ಅದನ್ನು ನನ್ನ ಉಪನ್ಯಾಸದ ಮುಖಚಿತ್ರ ಮಾಡಿಕೊಂಡೆ.

ವಿಚಾರಸಂಕಿರಣ ವಿಜಯಪುರದಲ್ಲಿತ್ತು. ಗಾಂಧಿಚೌಕದ ಹತ್ತಿರ ಚಹಾ ಕುಡಿದು ಆಟೋ ಹತ್ತುವಾಗ ಅಂಗಡಿ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಇಬ್ಬರ ಗಡ್ಡ ಕಿತ್ತಳೆ ಬಣ್ಣಕ್ಕಿತ್ತು. ನರೆತ ಕೂದಲಿಗೆ ಬರೀ ಮದರಂಗಿ ಹಚ್ಚಿದರೆ ಬರುವ ಬಣ್ಣವೇ ಅದು. ನಾನು ಮದರಂಗಿಯ ಇತಿಹಾಸ ಹೇಳಲು ಹೋಗುತ್ತಿದ್ದವಳು, ಅವರನ್ನು ದಾಟಿಕೊಂಡು ಹೋದೆ.

ಉಪನ್ಯಾಸ ಚೆನ್ನಾಗಿಯೇ ಆಯಿತು. ಚಪ್ಪಾಳೆಯೂ ಬಿತ್ತು. ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಪಾರಸಿ, ಉರ್ದು ಕಲಿಸಿ ನಿವೃತ್ತರಾದ ಮೇಷ್ಟ್ರು ಎಂದು ಆಮೇಲೆ ಗೊತ್ತಾಯಿತು.

“ಮೇಡಂ, ಭಾಳ ಚಂದ ಮಾತಾಡಿದ್ರಿ. ಆ ಮೊದಲನೇ ಚಿತ್ರ ಇನ್ನೊಮ್ಮೆ ಹಾಕ್ತೀರೇನ್ರಿ?”

ಹಾಕಿದೆ.

“ಇದು ಎಣ್ಣಿಬಣ್ಣದ್ದಲ್ಲೇನ್ರಿ? ಕ್ಯಾನ್ವಾಸ್ ಮ್ಯಾಲ ಬರದದ್ದು?”

“ಹೌದು ಸರ್,” ಅಂದೆ. ಅಂದ ಮೇಲೆ ನನಗೇ ಏನೋ ಅಳುಕಾಯಿತು.

“ಹಂಗಾರ ಇದು ಕಾಜಾರರ ಕಾಲದ್ದರಿ. ನಿಮ್ಮ ಮಧ್ಯಯುಗ ಮುಗದು ಭಾಳ ವರ್ಷ ಆಗಿತ್ತಲ್ರಿ.” ಸ್ವಲ್ಪ ತಡೆದು, ತಮ್ಮ ಗಡ್ಡ ನೀವಿಕೊಂಡು ನಕ್ಕರು. “ಇನ್ನೊಂದು ಮಾತು. ಇದ್ದಬದ್ದ ಮದರಂಗಿ ಎಲ್ಲಾ ಹೆಣ್ಮಕ್ಕಳ ಕೈಗೇ ಹಚ್ಚಿಬಿಟ್ರಿ. ನಮ್ಮ ಗಡ್ಡಕ್ಕ ಒಂಚೂರು ಉಳಸಬೇಕಿತ್ತರಿ.”

ಅವರ ಗಡ್ಡವೂ ಕಿತ್ತಳೆಯೇ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಕಾಜಾರ್ ವಂಶ ಇರಾನನ್ನು ಆಳಿದ್ದು 1789ರಿಂದ 1925ರವರೆಗೆ. ಫತ್ ಅಲಿ ಶಾಹನ ಕಾಲದಲ್ಲಿ, ಅಂದರೆ 1797ರಿಂದ 1834ರ ನಡುವೆ, ಆಳೆತ್ತರದ ತೈಲಚಿತ್ರಗಳ ದೊಡ್ಡ ಪರಂಪರೆಯೇ ಬೆಳೆಯಿತು. ನರ್ತಕಿಯರು, ವಾದ್ಯದವರು, ದೊಂಬರಾಟದ ಹೆಂಗಸರು, ಎಲ್ಲರ ಕೈಕಾಲಿಗೂ ಮದರಂಗಿ. ನನ್ನ ‘ಮಧ್ಯಯುಗದ ಮದುಮಗಳು’ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಸಮಕಾಲೀನಳು! ಇಸವಿಯ ತಪ್ಪನ್ನು ತಿದ್ದಬಹುದಿತ್ತು, ಚಿತ್ರ ಬದಲಿಸಿದರಾಯಿತು. ಗಡ್ಡದ ಮಾತು ಹಾಗೆ ತಿದ್ದಿ ಮುಗಿಸುವಂಥದ್ದಲ್ಲ. ಅದಕ್ಕೆ ಇಡೀ ಉಪನ್ಯಾಸವನ್ನೇ ಕಿತ್ತು ಹಾಕಬೇಕಿತ್ತು.

ಸಂಕಿರಣದ ಲೇಖನಗಳನ್ನು ಪುಸ್ತಕ ಮಾಡುವವರು ನನ್ನ ಲೇಖನ ಕೇಳಿದಾಗ ಕೊಡಲಿಲ್ಲ. ಪಕ್ಕಕ್ಕೆ ಸರಿಸಿಟ್ಟ ಚೀಟಿಗಳನ್ನು ತೆಗೆದು ಕೂತೆ. ಮೇಷ್ಟ್ರು ಫೋನಿನಲ್ಲಿ ಸಿಗುತ್ತಿದ್ದರು. ನಾನು ಪುಟದ ಫೋಟೋ ಕಳಿಸಿದರೆ ಅವರು ಮೊದಲು ಮೂಲವನ್ನು ರಾಗವಾಗಿ ಓದಿ, ಆಮೇಲೆ ತಮ್ಮ ವಿಜಯಪುರದ ಕನ್ನಡದಲ್ಲಿ ಬಿಡಿಸಿ ಹೇಳುವರು.

ಮೊದಲ ಚೀಟಿ 630ನೇ ಇಸವಿಯದು. ಮಕ್ಕಾ ವಶವಾದ ದಿನ ಅಬೂಬಕರರ ಮುದಿ ತಂದೆ ಅಬೂ ಕುಹಾಫರನ್ನು ಪ್ರವಾದಿಯವರ ಮುಂದೆ ಕರೆತರುತ್ತಾರೆ. ತಲೆ, ಗಡ್ಡ ಅಚ್ಚ ಬಿಳಿ. ಇದರ ಬಣ್ಣ ಬದಲಿಸಿ, ಕಪ್ಪು ಮಾತ್ರ ಬೇಡ ಎಂದು ಪ್ರವಾದಿ ಹೇಳಿದರೆಂದು ಹದೀಸ್ ಹೇಳುತ್ತದೆ. ಸ್ವತಃ ಅಬೂಬಕರ್ ಮದರಂಗಿಗೆ ಕತಮ್ ಎಂಬ ಇನ್ನೊಂದು ಸೊಪ್ಪು ಬೆರೆಸಿ ಹಚ್ಚುತ್ತಿದ್ದರು. ಅಲ್ಲಿಂದ ಮುಂದೆ ಶತಮಾನಗಟ್ಟಲೆ ಚರ್ಚೆ. ಕೆಂಪಾದರೆ ಸರಿ, ಹಳದಿಯೂ ಸರಿ, ಕಪ್ಪೇಕೆ ಬೇಡ? ಕಪ್ಪು ವಯಸ್ಸನ್ನು ಮರೆಮಾಚುತ್ತದೆ, ಹೆಣ್ಣು ಕೊಡುವವರಿಗೆ ಮೋಸವಾಗುತ್ತದೆ. ಯುದ್ಧಕ್ಕೆ ಹೋಗುವವನು ಶತ್ರುವಿಗೆ ಹುರುಪಾಗಿ ಕಾಣಲೆಂದು ಕಪ್ಪು ಹಚ್ಚಿದರೆ ಅಡ್ಡಿಯಿಲ್ಲವೆಂದರು ಕೆಲವರು. ಮದರಂಗಿಯ ಗುಣವೇ ಇಲ್ಲಿ ಕೆಲಸ ಮಾಡಿದೆ. ಅದು ಬಿಳಿಯನ್ನು ಮುಚ್ಚುತ್ತದೆ, ಮುದಿತನವನ್ನು ಮುಚ್ಚುವುದಿಲ್ಲ. ಕಿತ್ತಳೆ ಗಡ್ಡದವನನ್ನು ನೋಡಿ ಯಾರೂ ತರುಣನೆಂದು ಮೋಸ ಹೋಗಲಾರರು.

ಕವಿಗಳಿಗೆ ಇದಕ್ಕಿಂತ ಹಬ್ಬ ಬೇಕೇ? ಬಾಗ್ದಾದಿನ ಅಲ್-ಶರೀಫ್ ಅಲ್-ಮುರ್ತಜಾ (966–1044) ನರೆ ಮತ್ತು ಯೌವನದ ಮೇಲಿನ ಪದ್ಯಗಳಿಗೆಂದೇ ಒಂದು ಗ್ರಂಥ ಕಟ್ಟಿದ. ಅದರಲ್ಲಿ ಅಬೂ ತಮ್ಮಾಮ್, ಅಲ್-ಬುಹ್ತುರಿ, ತನ್ನ ತಮ್ಮ ಅಲ್-ರಜಿ, ಜೊತೆಗೆ ತನ್ನದೂ ಪದ್ಯಗಳಿವೆ. ಬಣ್ಣ ಸುಳ್ಳುಸಾಕ್ಷಿ, ಬುಡದಲ್ಲಿ ಇಣುಕುವ ಬಿಳಿ ನಿಜಸಾಕ್ಷಿ ಎಂಬ ಜಾಡಿನಲ್ಲಿ ಈ ಕಾವ್ಯ ನಡೆಯುತ್ತದೆ. ಹಚ್ಚಿದವನಿಗೂ ಗೊತ್ತು, ನೋಡುವವಳಿಗೂ ಗೊತ್ತು, ಆದರೂ ಹಚ್ಚುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, ಉನ್ನಾಬ್ ಬೆರಳಿನ ನೂರು ಪದ್ಯಗಳನ್ನು ಈ ಗಡ್ಡದ ಪದ್ಯಗಳ ಎದುರು ನಿಲ್ಲಿಸಲಾಗದು. ಬೆರಳನ್ನು ಕವಿ ದೂರದಿಂದ ನೋಡಿ ಹಾಡುತ್ತಾನೆ. ಗಡ್ಡ ಅವನದೇ, ಬೆಳಿಗ್ಗೆ ಎದ್ದರೆ ಕನ್ನಡಿಯಲ್ಲಿರುತ್ತದೆ. ಮೇಷ್ಟ್ರು ಒಂದು ಪದ್ಯ ಓದಿ ಮುಗಿಸಿ ಸುಮ್ಮನಾದರು, ಆಮೇಲೆ “ನಾನೂ ಮುಂದಿನ ವಾರ ಹಚ್ಚಬೇಕರಿ, ಬುಡ ಬೆಳ್ಳಗಾಗೇತಿ” ಅಂದರು.

ಔಷಧಿಯ ಚೀಟಿಗಳು ಒಂದು ಕಟ್ಟು. ಇಬ್ನ್ ಸೀನಾ ಸುಮಾರು 1025ರಲ್ಲಿ ಮುಗಿಸಿದ ‘ಕಾನೂನ್’ ಗ್ರಂಥದ ಮೂಲಿಕೆಗಳ ಭಾಗದಲ್ಲಿ ಮದರಂಗಿ ಇದೆ. ಮಾಲಗದಲ್ಲಿ ಹುಟ್ಟಿ 1248ರಲ್ಲಿ ಡಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ಅಲ್-ಬೈತಾರ್ 1,400ಕ್ಕೂ ಮಿಕ್ಕಿದ ಮದ್ದುಗಳ ಕೋಶದಲ್ಲಿ ಅದನ್ನು ಸೇರಿಸಿದ. ಸುಟ್ಟಗಾಯಕ್ಕೆ ಕಷಾಯ, ಬಾಯಿಹುಣ್ಣಿಗೆ ಎಲೆ ಅಗಿಯುವುದು; ಗ್ರೀಕರ ಡಯಾಸ್ಕೊರಿಡೀಸನಿಂದ ಬಂದ ಮಾತುಗಳಿವು. ಇದನ್ನೂ ‘ಸೌಂದರ್ಯಕ್ಕೆ ಸಂಬಂಧವಿಲ್ಲ’ ಎಂದು ಬಿಟ್ಟಿದ್ದೆ. ಗಂಡಸರು ಕೈಕಾಲಿಗೆ ಮದರಂಗಿ ಹಚ್ಚುವುದನ್ನು ಬಹಳಷ್ಟು ಶಾಸ್ತ್ರಜ್ಞರು ಔಷಧಿಗಾದರೆ ಮಾತ್ರ ಒಪ್ಪಿದರು ಎಂಬುದು ತಿಳಿದ ಮೇಲೆ ಸಂಬಂಧ ಕಾಣಿಸಿತು. ಗಡ್ಡಕ್ಕೆ ಶ್ರೇಷ್ಠ, ಕೈಗೆ ಹೆಣ್ಣಿಗನ ಲಕ್ಷಣ, ಹುಣ್ಣಿಗಾದರೆ ಪರವಾಗಿಲ್ಲ! ಒಂದೇ ಸೊಪ್ಪು, ಹಚ್ಚುವ ಜಾಗದ ಮೇಲೆ ನ್ಯಾಯ.

ಆ ನ್ಯಾಯ ಎಷ್ಟರಮಟ್ಟಿಗೆ ನಡೆಯಿತು ಅನ್ನುವುದಕ್ಕೆ ಇಬ್ನ್ ಬತೂತಾನ ಪ್ರವಾಸಕಥನ ನೋಡಬೇಕು. 1334ರ ಸುಮಾರಿಗೆ ದಿಲ್ಲಿಗೆ ಬಂದು ಖಾಜಿಯಾದ ಇವನು, ಮುಂದೆ ಹೊನ್ನಾವರ, ಮಂಗಳೂರುಗಳನ್ನೂ ಹಾದು ಹೋದವನು. ಮುಹಮ್ಮದ್ ಬಿನ್ ತುಘಲಕ್ ತನ್ನ ಸೋದರಿಯನ್ನು ಸೈಫುದ್ದೀನ್ ಎಂಬ ಅರಬ್ ಅಮೀರನಿಗೆ ಕೊಟ್ಟ ಮದುವೆಯನ್ನು ಇವನು ಬಣ್ಣಿಸುತ್ತಾನೆ. ವರನ ಕಡೆಯವರು ಅಂತ ದಿಲ್ಲಿಯಲ್ಲಿ ಯಾರೂ ಇಲ್ಲ. ಆದ್ದರಿಂದ ಅರಮನೆಯ ಹೆಂಗಸರಲ್ಲಿ ಒಬ್ಬಳು ಅವನಿಗೆ ತಾಯಿಯಾಗಿ, ಇನ್ನೊಬ್ಬಳು ಅಕ್ಕನಾಗಿ ನಿಂತು ಎತ್ತರದ ಪೀಠದ ಮೇಲೆ ಕೂರಿಸಿ ಕೈಕಾಲಿಗೆ ಮದರಂಗಿ ಹಚ್ಚುತ್ತಾರೆ, ಉಳಿದವರು ಹಾಡಿ ಕುಣಿಯುತ್ತಾರೆ. ಮದುವೆಯ ಮದರಂಗಿಗಾಗಿ ನಾನು ಊರೆಲ್ಲ ಅಲೆದಿದ್ದೆನಲ್ಲ, ಇಷ್ಟು ನಿಚ್ಚಳವಾಗಿ ಕಾಣುವ ದೃಶ್ಯ ನನ್ನ ಚೀಟಿಗಳಲ್ಲೇ ಇತ್ತು. ಹಚ್ಚಿಸಿಕೊಂಡವನು ಮದುಮಗ ಎಂಬ ಒಂದೇ ಕಾರಣಕ್ಕೆ ಬಿಟ್ಟಿದ್ದೆ.

ಚಿತ್ತಾರವೇ ಇರಲಿಲ್ಲ ಎಂದು ಈಗ ಇನ್ನೊಂದು ತುದಿಗೆ ಹೋಗುವಂತಿಲ್ಲ. ಖಲೀಫ ಉಮರರ ಹೆಸರಿನಲ್ಲಿ ಒಂದು ಮಾತು ಬಂದಿದೆ. ಹೆಂಗಸರೇ, ಹಚ್ಚುವುದಾದರೆ ಬಳೆಯ ಜಾಗದವರೆಗೆ ಪೂರ್ತಿ ಹಚ್ಚಿ, ಚಿತ್ತಾರ, ಬರೀ ಬೆರಳ ತುದಿಯ ಬಣ್ಣ ಬೇಡ ಎಂಬುದು ಅದರ ಸಾರ. ಯಾರೂ ಮಾಡದ್ದನ್ನು ಯಾರೂ ಬೇಡವೆನ್ನುವುದಿಲ್ಲ. ಕವಿಗಳ ಉನ್ನಾಬ್ ತುದಿಗಳನ್ನು ನೋಡಿದರೆ ಆ ಮಾತನ್ನು ಬಾಗ್ದಾದಿನ ಹೆಂಗಸರು ಅಷ್ಟಾಗಿ ಕಿವಿಗೆ ಹಾಕಿಕೊಂಡ ಹಾಗೂ ಇಲ್ಲ.

ಕುದುರೆಗಳ ವಿಷಯ ನೆನೆದರೆ ಈಗಲೂ ನಗು ಬರುತ್ತದೆ. ಮೊಘಲ್ ಚಿತ್ರಗಳಲ್ಲಿ ಬಾದಶಹರ ಬಿಳಿ ಕುದುರೆಗಳ ಬಾಲ, ಕಾಲು, ಹೊಟ್ಟೆಯ ಕೆಳಭಾಗ ಕಿತ್ತಳೆಗೆಂಪಾಗಿರುತ್ತದೆ. ಕೆಸರಿನಲ್ಲಿ ನಡೆದದ್ದನ್ನೂ ಎಷ್ಟು ಸೂಕ್ಷ್ಮವಾಗಿ ಬರೆದಿದ್ದಾರೆ ಎಂದು ಚೀಟಿಯಲ್ಲಿ ಮೆಚ್ಚುಗೆ ಬರೆದಿಟ್ಟಿದ್ದೆ. ಅದು ಮದರಂಗಿ. ಹೆಂಗಸರ ಕೈಯಲ್ಲಿ ಹಿಗ್ಗಿಸಿ ಹಿಗ್ಗಿಸಿ ಹುಡುಕಿದ್ದು ಕುದುರೆಯ ಮೇಲೆ ಬರಿಗಣ್ಣಿಗೇ ಕಾಣುತ್ತಿತ್ತು.

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಗ್ರಾನಡಾದ ಒಂದು ಅರ್ಜಿ. ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ 1492ರಲ್ಲಿ ಬಿತ್ತು. ಅಲ್ಲಿ ಉಳಿದು, ಒತ್ತಾಯಕ್ಕೆ ಕ್ರೈಸ್ತರಾದವರನ್ನು ಮೊರಿಸ್ಕೊ ಎಂದರು. 1567ರಲ್ಲಿ ಎರಡನೆಯ ಫಿಲಿಪ್ ಅವರ ಅರಬ್ಬಿ ಭಾಷೆ, ಉಡುಪು, ಸ್ನಾನಗೃಹಗಳ ಜೊತೆಗೆ ಮದರಂಗಿಯನ್ನೂ ನಿಷೇಧಿಸಿದ. ಕೂದಲಿಗೋ ಕೈಗೋ ಹಚ್ಚಿದ ಬಣ್ಣ ಕದ್ದು ಇಸ್ಲಾಂ ಪಾಲಿಸುವುದಕ್ಕೆ ಸಾಕ್ಷಿಯಾಗಿಬಿಡುತ್ತಿತ್ತು, ಅದೂ ಒರೆಸಿಕೊಂಡರೆ ಹೋಗದ ಸಾಕ್ಷಿ. ಫ್ರಾನ್ಸಿಸ್ಕೊ ನೂನೆಸ್ ಮುಲೆಯ್ ಎಂಬ ವೃದ್ಧ ಗಣ್ಯ ಅಧಿಕಾರಿಗಳಿಗೆ ಮನವಿ ಬರೆದ. ಮದರಂಗಿ ಧರ್ಮಾಚರಣೆಯಲ್ಲ, ಊರಿನ ರೂಢಿ, ತಲೆಯ ಕೊಳೆ ತೆಗೆಯುತ್ತದೆ, ಆರೋಗ್ಯಕ್ಕೆ ಒಳ್ಳೆಯದು ಎಂಬುದು ಅವನ ವಾದ. ಸೊಪ್ಪಿನ ಸೌಂದರ್ಯದ ಮಾತನ್ನೇ ಅವನು ಎತ್ತುವುದಿಲ್ಲ. ಎತ್ತಿದರೆ ಕೇಳುವವರಿರಲಿಲ್ಲ. ಅರ್ಜಿಯಿಂದ ಏನೂ ಆಗಲಿಲ್ಲ, 1568ರ ಕೊನೆಯಲ್ಲಿ ಆಲ್ಪುಹಾರ ಬೆಟ್ಟಗಳಲ್ಲಿ ದಂಗೆಯೆದ್ದಿತು. ‘ಚಿತ್ತಾರ’ ಎಂಬ ನನ್ನ ಶೀರ್ಷಿಕೆಯಡಿ ಈ ಮುದುಕನಿಗೆ ಜಾಗವೇ ಇರಲಿಲ್ಲ.

ಮೊಹರಂಗೂ ಇರಲಿಲ್ಲ. ಹೆರಾತಿನ ಹುಸೇನ್ ವಾಇಜ್ ಕಾಶಿಫಿ 1502ರ ಸುಮಾರಿಗೆ ಪಾರಸಿಯಲ್ಲಿ ಬರೆದ ಹುತಾತ್ಮರ ಕಥನದಲ್ಲಿ ಕರ್ಬಲಾದ ರಣರಂಗದಲ್ಲೇ ತರುಣ ಕಾಸಿಮನ ಮದುವೆ ನಡೆದು, ಅವನು ಯುದ್ಧಕ್ಕೆ ಹೋಗಿ ಮಡಿಯುತ್ತಾನೆ. ಹೈದರಾಬಾದ್, ಲಖನೌಗಳಲ್ಲಿ ಮೊಹರಂನ ಏಳನೆಯ ದಿನ ಕಾಸಿಮನ ಮೆಹಂದಿ ಹೊರಡುವುದು ಈ ಕಥೆಯ ಬೆನ್ನಿಗೆ. ಅಂದರೆ ಮದರಂಗಿ ಅಲ್ಲಿ ಶೋಕದ ವಸ್ತು. ಪಾರಸಿ ಗಜಲಿನ ನೆತ್ತರು ಮತ್ತು ಮದರಂಗಿಯ ಹೋಲಿಕೆ ನನಗೆ ಅಲ್ಲಿಯವರೆಗೆ ಬರೀ ಚಮತ್ಕಾರವೆನಿಸಿತ್ತು, ಕಾಸಿಮನ ಕಥೆ ಓದಿದ ಮೇಲೆ ಹಾಗನ್ನಿಸಲಿಲ್ಲ. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಾಗಿ ಕನ್ನಡದಲ್ಲೇ ಹಾಡುತ್ತಾರೆ. ಮೇಷ್ಟ್ರು ಬರುವ ಮೊಹರಂಗೆ ಬರಹೇಳಿದ್ದಾರೆ. ಹೋಗಬೇಕು.

ಮದುವೆಯಲ್ಲಿ ಉಡುಗೊರೆ ಕೊಡುವಂಥ ಚಿತ್ರಪುಸ್ತಕ ಮಾಡೋಣವೆಂದು ನನ್ನಿಂದ ‘ಮದುಮಗಳ ಕೈ’ ಬರೆಸಲು ಹೊರಟಿದ್ದ ಪ್ರಕಾಶಕರಿಗೆ ಇದನ್ನೆಲ್ಲ ವಿವರಿಸಿದೆ.

“ಅಲ್ಲಮ್ಮಾ, ಗಡ್ಡದ ಪುಸ್ತಕಾನ ಮದುವೇಲಿ ಯಾರು ಯಾರಿಗೆ ಕೊಡ್ತಾರೆ?” ಅಂದರು.

ಇಬ್ನ್ ಬತೂತಾನ ಮದುಮಗನ ಕಥೆ ಹೇಳಿದೆ. ಅವರಿಗೆ ಹಿಡಿಸಿತು. ಮೊದಲ ಅಧ್ಯಾಯ ಅದೇ ಇರಲಿ, ಮುಖಪುಟದಲ್ಲಿ ಅವನ ಕೈ ಬರೆಸೋಣ, ಬೇಕಾದರೆ ಒಂದಿಷ್ಟು ಬಳ್ಳಿ ಹಾಕಿಸೋಣ ಅನ್ನುತ್ತಾರೆ. ಬಳ್ಳಿ ಬೇಡ, ತುಂಬು ಕೆಂಪು ಸಾಕು, ಮೊದಲ ಅಧ್ಯಾಯ ಅಬೂ ಕುಹಾಫರ ಗಡ್ಡದ್ದೇ ಇರಬೇಕು ಅನ್ನುತ್ತೇನೆ ನಾನು. ಚೌಕಾಸಿ ಇನ್ನೂ ನಡೆಯುತ್ತಿದೆ.